ಸಫಾರಿಗೆ ಏನೇನು ಹಾಕ್ಸಿದ್ದೀರಾ?

ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಹಳೆ ಗಾಡಿ ಇಟ್ಟುಕೊಂಡಿರುವ ಸುಮಾರು ನಲವತ್ತು ಜನ ಸೇರಿದ್ದೆವು. ಅಲ್ಲಿ ನಾನು ಆಡಿದ ಮಾತುಗಳು ಇವು. ಎರಡೆರಡು ಸಲ ಹೇಳಿದ್ದನ್ನು ಬರೆಯುವಾಗ ತೆಗೆದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮುಂಚೆ ಹೊರಗೆ ನಿಂತಿರುವ ಗಾಡಿಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ. ಸ್ಕಾರ್ಪಿಯೊ ಇದೆ, ಬೊಲೆರೊ ಇದೆ, ಒಂದು ಜಿಪ್ಸಿ ಇದೆ, ಬಣ್ಣ ಹೋಗಿರುವ ಒಂದು ಪಜೆರೊ ಕೂಡ ಇದೆ. ನನ್ನ ಟಾಟಾ ಸಫಾರಿ ಗಾಡಿ ಹತ್ತಿರ ಒಬ್ಬ ಹುಡುಗ ನಿಂತಿದ್ದ. "ಸಾರ್, ಏನೇನು ಹಾಕ್ಸಿದ್ದೀರಾ?" ಅಂತ ಕೇಳಿದ. ಈ ಪ್ರಶ್ನೆ ನನಗೆ ಹೊಸದಲ್ಲ. ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ, ಪಂಕ್ಚರ್ ಅಂಗಡಿಯಲ್ಲಿ ಕೇಳುತ್ತಾರೆ. ನಾನು "ಬುಷ್ ಹಾಕ್ಸಿದ್ದೀನಪ್ಪ" ಅಂದೆ. ಬುಷ್ ಅಂದರೆ ಚಕ್ರದ ಜೋಡಣೆಯ ಕೀಲುಗಳಲ್ಲಿ ಕೂರುವ ರಬ್ಬರ್. ಪಾಪ, ಅವನ ಮುಖ ಸಪ್ಪಗಾಯಿತು. ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚು, ಎಂಜಿನ್ನಿಗೆ ಮೇಲಿಂದ ಗಾಳಿ ಕೊಡುವ ಸ್ನಾರ್ಕೆಲ್ಲು, ಗಾಡಿ ಎತ್ತರ ಮಾಡುವ ಲಿಫ್ಟ್ ಕಿಟ್ಟು ಅಂತೇನಾದರೂ ಹೇಳುತ್ತೇನೆ ಅಂದುಕೊಂಡಿದ್ದ.

ಇವತ್ತು ನನ್ನ ಮಾತು ಅಷ್ಟೇ. ಹನ್ನೆರಡು, ಹದಿಮೂರು ವರ್ಷದ ಮನೆ ಗಾಡಿಯನ್ನು ಕಾಡು ದಾರಿಗೆ ಸಿದ್ಧ ಮಾಡುವುದು ಅಂದರೆ ಮುಕ್ಕಾಲು ಪಾಲು ಅದನ್ನು ಹೊಸದರಲ್ಲಿ ಹೇಗಿತ್ತೋ ಹಾಗೆ ಮಾಡುವುದು. ಹೊಸದಾಗಿ ಸೇರಿಸುವುದು ತುಂಬ ಕಡಿಮೆ. ಸೇರಿಸಿದ್ದರಲ್ಲೂ ಅರ್ಧವನ್ನು ನಾನು ಮತ್ತೆ ಬಿಚ್ಚಿ ಇಟ್ಟಿದ್ದೇನೆ. ಯಾಕೆ ಅಂತಲೂ ಹೇಳುತ್ತೇನೆ.

ಗಾಡಿ ಅಪ್ಪನದು. 2009ರಲ್ಲಿ ತೆಗೆದುಕೊಂಡದ್ದು. ಟಾಟಾ ಸಫಾರಿ, 2.2 ಲೀಟರಿನ ಡೈಕಾರ್ ಡೀಸೆಲ್ ಎಂಜಿನ್, ಫೋರ್ ಬೈ ಫೋರ್. ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದು. 140 ಪಿಎಸ್ ಶಕ್ತಿ, 320 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಎರಡು ಟನ್ನಿನ ಹತ್ತಿರ ತೂಕ. ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ ಬೇರೆ, ಬಾಡಿ ಬೇರೆ. ಲಾರಿ ಥರ. ಅಪ್ಪನಿಗೆ ಫೋರ್ ಬೈ ಫೋರ್ ಬೇಕು ಅಂತೇನೂ ಇರಲಿಲ್ಲ. ಬೇಗ ಸಿಗುವ ಗಾಡಿ ಅದೊಂದೇ ಇತ್ತು, ತೆಗೆದುಕೊಂಡರು. ಆಮೇಲೆ ಧರ್ಮಸ್ಥಳ, ಕುಕ್ಕೆ, ಮದುವೆ, ಗೃಹಪ್ರವೇಶ. ಏಳು ಜನ, ಒಂದಷ್ಟು ಬುತ್ತಿ. ಅಮ್ಮನಿಗೆ ಹತ್ತೋಕೆ ಆಗುತ್ತಿರಲಿಲ್ಲ, ಅದಕ್ಕೆ ಅಂತಲೇ ಡಿಕ್ಕಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇರುತ್ತಿತ್ತು. ಆ ಸ್ಟೂಲ್ ಈಗಲೂ ಇದೆ.

ಒಂಬತ್ತು ವರ್ಷ ಹೀಗೇ ನಡೆಯಿತು. 2018ರ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಸ್ನೇಹಿತರೊಬ್ಬರ ಕಾಫಿ ತೋಟಕ್ಕೆ ಹೋದೆವು. ತೋಟದ ಮನೆಗೆ ಕೊನೆಯ ಒಂದು ಕಿಲೋಮೀಟರ್ ಮಣ್ಣು ದಾರಿ. ಒಂದು ಏರಿನಲ್ಲಿ ಗಾಡಿ ನಿಂತಿತು. ಹಿಂದಿನ ಚಕ್ರ ಕೆಸರು ಎರಚುತ್ತಾ ಇದೆ, ಗಾಡಿ ಧರೆ ಕಡೆ ವಾಲುತ್ತಾ ಇದೆ. ನಾನು ಬಹಳ ಗತ್ತಿನಲ್ಲಿ "ಫೋರ್ ವೀಲ್ ಹಾಕ್ತೀನಿ ನೋಡಿ" ಅಂತ ಸ್ವಿಚ್ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿಣಮಿಣ ಅಂದಿತು. ಅಷ್ಟೇ. ಮುಂದಿನ ಚಕ್ರ ಅಲ್ಲಾಡಲಿಲ್ಲ.

ತೋಟದ ಹಳೆ ಎಂಎಂ 540 ಜೀಪ್ ಬಂತು, ಚಕ್ರಕ್ಕೆ ಚೈನ್ ಕಟ್ಟಿಕೊಂಡು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಇದು ಮಾಮೂಲು, ನಿಮಗೆ ಗೊತ್ತೇ ಇದೆ. ಜೀಪಿನ ಡ್ರೈವರ್‌ಗೆ ಅರವತ್ತು ದಾಟಿತ್ತು. ಎಳೆದು ಮೇಲೆ ನಿಲ್ಲಿಸಿ, ಬೀಡಿ ಹಚ್ಚಿ, "ಫೋರ್ ವೀಲ್ ಯಾವಾಗ ಹಾಕಿದ್ರಿ ಕೊನೇಗೆ?" ಅಂತ ಕೇಳಿದರು. ನಾನು "ಇವತ್ತೇ ಮೊದ್ಲು" ಅಂದೆ. ಅವರು ನಕ್ಕರು. "ಕರೀದೇ ಬಿಟ್ರೆ ಹಸೂನೇ ಬತ್ತಿ ಹೋಗ್ತದೆ, ಇನ್ನು ಇದು ಉಳೀತದಾ?" ಅಂದರು.

ತಪ್ಪು ಗಾಡಿಯದಲ್ಲ, ನಮ್ಮದೇ. ಫೋರ್ ವೀಲ್ ಹಾಕೋಕೆ ಈ ಗಾಡಿಯಲ್ಲಿ ಲಿವರ್ ಇಲ್ಲ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್; ಅದರ ಮೇಲೆ ಒಂದು ಸಣ್ಣ ಮೋಟರ್ ಇದೆ. ನೀವು ಸ್ವಿಚ್ ತಿರುಗಿಸಿದರೆ ಅದು ಒಳಗಿನ ಗೇರನ್ನು ಸರಿಸುತ್ತದೆ. ವರ್ಷಗಟ್ಟಲೆ ತಿರುಗದೆ ಕೂತರೆ ಗ್ರೀಸ್ ಗಟ್ಟಿಯಾಗುತ್ತದೆ, ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಮೈಸೂರಿನ ಗ್ಯಾರೇಜಿನಲ್ಲಿ ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ಹಾಕಿಸಿದೆ. ಸರಿಹೋಯಿತು. ಈಗ ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ನೂರು ಮೀಟರ್ ಹೈ ರೇಂಜಿನಲ್ಲಿ, ನೂರು ಮೀಟರ್ ಲೋ ರೇಂಜಿನಲ್ಲಿ ಓಡಿಸುತ್ತೇನೆ. ಲೋ ರೇಂಜ್ ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ. ಟಾರ್ ರಸ್ತೆಯಲ್ಲಿ ಮಾತ್ರ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಈ ಥರದ ಗಾಡಿಯಲ್ಲಿ ಮುಂದೆ ಹಿಂದೆ ಎರಡನ್ನೂ ಕಟ್ಟಿ ಹಾಕಿದ ಹಾಗೆ ಇರುತ್ತದೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನ ಮೇಲೆ ಜಾರೋಕೆ ಆಗಲ್ಲ, ಆ ಜಗ್ಗಾಟವೆಲ್ಲ ಗೇರಿನ ಮೇಲೆ ಬೀಳುತ್ತದೆ.

ಆ ತೋಟದ ಘಟನೆ ಆದಮೇಲೆ ನನಗೆ ಹುಚ್ಚು ಹಿಡಿಯಿತು. ಮೊದಲ ವರ್ಷ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಮೇಲೆ ಕಬ್ಬಿಣದ ಕ್ಯಾರಿಯರ್. ಅದರ ಮೇಲೆ ಒಂದು ಉದ್ದದ ಎಲ್‌ಇಡಿ ಲೈಟ್. ಎರಡು ಜೆರ್ರಿಕ್ಯಾನ್. ಒಂದು ದೊಡ್ಡ ಜಾಕಿ. ನೋಡೋಕೆ ಭಾರಿ ಚೆನ್ನಾಗಿತ್ತು. ಫೋಟೊ ಇದೆ, ಈಗ ತೋರಿಸಲ್ಲ.

ಒಂದು ದಿನ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ನೀವೆಲ್ಲ ಇದನ್ನು ಒಂದು ಸಲ ಮಾಡಲೇಬೇಕು. ಭತ್ತದ ಲಾರಿ, ಜಲ್ಲಿ ಲಾರಿ ತೂಗುವ ಜಾಗ. ನೂರು ರೂಪಾಯಿಯ ಕೆಲಸ. ಪೂರ್ತಿ ಸಾಮಾನು ತುಂಬಿ, ನಾವು ನಾಲ್ಕು ಜನ ಕೂತು ತೂಗಿಸಿದೆ. ಆರ್‌ಸಿಯಲ್ಲಿ ಬರೆದಿರುವ ಖಾಲಿ ತೂಕಕ್ಕಿಂತ ಆರುನೂರು ಕೆಜಿ ಜಾಸ್ತಿ ಬಂತು! ನಾಲ್ಕು ಜನ ಅಂದರೆ ಮುನ್ನೂರು ಕೆಜಿ ಅಂದುಕೊಳ್ಳೋಣ. ಉಳಿದ ಮುನ್ನೂರು? ಇಪ್ಪತ್ತು ಲೀಟರ್ ಡೀಸೆಲ್ ಅಂದರೆ ಹದಿನೇಳು ಕೆಜಿ. ನೀರಾದರೆ ಇಪ್ಪತ್ತು. ಕ್ಯಾರಿಯರ್, ಟೆಂಟು, ಸ್ಟೌವು, ಟೂಲ್ ಬಾಕ್ಸು, ಆ ಜಾಕಿ. ಒಂದೊಂದೂ ಸಣ್ಣದೇ. ಅದರಲ್ಲೂ ನೂರು ಕೆಜಿ ತಲೆ ಮೇಲೆ. ಧರೆ ಪಕ್ಕದ ವಾಲು ದಾರಿಯಲ್ಲಿ ತಲೆ ಮೇಲಿನ ತೂಕ ಏನು ಮಾಡುತ್ತದೆ ಅಂತ ಹುಲ್ಲಿನ ಗಾಡಿ ಹೊಡೆದವರನ್ನು ಕೇಳಿ.

ಮನೆಗೆ ಬಂದು ಎಲ್ಲ ಇಳಿಸಿದೆ. ಕ್ಯಾರಿಯರ್ ಬಿಚ್ಚಿದೆ. ಅದು ಈಗ ತಾರಸಿಯ ಮೇಲೆ ಅಮ್ಮನ ಹೂಕುಂಡಗಳಿಗೆ ಸ್ಟ್ಯಾಂಡ್ ಆಗಿದೆ. ಮೂರನೇ ಸಾಲಿನ ಸೀಟುಗಳನ್ನು ಬಿಚ್ಚಿ ಇಟ್ಟು, ಆ ಜಾಗದಲ್ಲಿ ನೆಲಮಟ್ಟಕ್ಕೆ ಸಾಮಾನು ಕಟ್ಟುತ್ತೇನೆ. ಪ್ರವಾಸ ಮುಗಿದ ಮೇಲೆ ಸೀಟು ವಾಪಸ್. ಆರ್‌ಸಿಯಲ್ಲಿ ಏಳು ಸೀಟು ಅಂತಿದ್ದರೆ ಗಾಡಿ ಏಳು ಸೀಟಿನದೇ ಆಗಿರಬೇಕು.

ಕಾನೂನಿನ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಯಾರಿಗೂ ಇಷ್ಟ ಇಲ್ಲ, ಆದರೂ ಕೇಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಗಾಡಿ ತಯಾರಿಸಿದವರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು. ಒಂದೊಂದು ಬದಲಾವಣೆಗೆ ಐದು ಸಾವಿರ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅದು ಬೇಡ ಅನ್ನೋಕೆ ಸರಿಯಾದ ಕಾರಣವೂ ಇದೆ. ದಾರಿಯಲ್ಲಿ ಹೋಗುವವನಿಗೆ ತಾಗಿದರೆ ಬಂಪರಿಗಿಂತ ಕಬ್ಬಿಣದ ಪೈಪು ಜಾಸ್ತಿ ಪೆಟ್ಟು ಮಾಡುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಡಿಕ್ಕಿಯ ಹೊಡೆತ ಸೆನ್ಸರಿಗೆ ತಲುಪುವ ರೀತಿಯೂ ಕೆಡುತ್ತದೆ. ವಿಂಚ್ ಹಾಕಬೇಕಾದರೆ ಅಂಥದ್ದೇ ಗಟ್ಟಿ ಬಂಪರ್ ಬೇಕು, ಅದಕ್ಕೇ ನನ್ನ ಗಾಡಿಗೆ ವಿಂಚ್ ಇಲ್ಲ. ಮೂವತ್ತು ನಲವತ್ತು ಕೆಜಿ ಉಳಿಯಿತು ಅಂದುಕೊಂಡೆ.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಹದಿನೈದು ವರ್ಷ ಆದ್ಮೇಲೆ ಗುಜರಿಗೆ ಹಾಕ್ಲೇಬೇಕಾ?" ಇಲ್ಲ. ಸ್ವಂತ ಬಳಕೆಯ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ನಮ್ಮ ಗಾಡಿಗೆ 2024ರಲ್ಲಿ ಆಯಿತು. ಆರ್‌ಟಿಓ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಬಂದು ಕೇಳಿದ್ದೂ ಅದೇ ಪ್ರಶ್ನೆ: "ಏನೇನ್ ಹಾಕ್ಸಿದ್ದೀರಿ?" ಅವತ್ತು ನನ್ನ ಉತ್ತರ ಕೇಳಿ ಅವರಿಗೆ ಖುಷಿಯಾಯಿತು.

ಇರಲಿ. ಈಗ ಕೆಲಸದ ಮಾತು. ಖರ್ಚಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಒಟ್ಟು ಎರಡು ಲಕ್ಷದ ಹದಿನಾಲ್ಕು ಸಾವಿರ ಆಯಿತು. ಅದರಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಬರೀ ರಿಪೇರಿ. ಯಾರ ಕಣ್ಣಿಗೂ ಬೀಳದ ಖರ್ಚು. ಮುಂದಿನ ಆರ್ಮ್‌ಗಳ ಬುಷ್, ಬಾಲ್ ಜಾಯಿಂಟ್, ನಾಲ್ಕು ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್, ಬ್ರೇಕ್ ಹೋಸ್, ರೇಡಿಯೇಟರ್, ನೀರಿನ ಹೋಸ್‌ಗಳೆಲ್ಲ. ರಬ್ಬರಿಗೆ ವಯಸ್ಸಾಗುತ್ತದೆ. ಗಾಡಿ ಓಡಲಿ, ನಿಂತೇ ಇರಲಿ, ರಬ್ಬರ್ ಸಾಯುತ್ತಾ ಇರುತ್ತದೆ. ಹೈವೇಯಲ್ಲಿ ಸತ್ತ ಬುಷ್ ಸ್ವಲ್ಪ ಕಟಕಟ ಅನ್ನುತ್ತದೆ, ನೀವು ಹಾಡು ಜೋರು ಮಾಡುತ್ತೀರಿ. ಕಲ್ಲು ದಾರಿಯಲ್ಲಿ ಅದೇ ಬುಷ್ ಹೋದರೆ ಚಕ್ರ ಒಂದು ಕಡೆ, ಸ್ಟೇರಿಂಗ್ ಒಂದು ಕಡೆ.

ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ತುಕ್ಕು ತಿಂದಿದ್ದರೆ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಗಾಡಿ ತರುವವರು ಇದನ್ನು ಮೊದಲು ಮಾಡಿ, ಆಮೇಲೆ ರೇಟ್ ಮಾತಾಡಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಹಾಗೆ. ಹಳೆಯ ಆಯಿಲ್‌ನಲ್ಲಿ ನೀರು ಸೇರಿರುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗುತ್ತದೆ. ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಲೋ ರೇಂಜ್ ಇರುವವರು ಕಡಿದಾದ ಇಳಿಜಾರಿನಲ್ಲಿ ಒಂದನೇ ಗೇರ್ ಹಾಕಿ ಕಾಲು ತೆಗೆಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಸುವವರು ನನ್ನ ಗಾಡಿ ಹಿಂದೆ ಬರಬೇಡಿ, ದಯವಿಟ್ಟು.

ರೇಡಿಯೇಟರ್ ಫ್ಯಾನಿನದೂ ಹೀಗೇ. ಹೈವೇಯಲ್ಲಿ ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನ್ ಸೋಮಾರಿಯಾದರೂ ಗೊತ್ತಾಗಲ್ಲ. ಕಾಡು ದಾರಿಯಲ್ಲಿ ಗಂಟೆಗೆ ಎಂಟು ಕಿಲೋಮೀಟರ್, ಎಂಜಿನ್ ಪೂರ್ತಿ ದುಡಿಯುತ್ತಾ ಇರುತ್ತದೆ, ಗಾಳಿ ಇಲ್ಲ. ಅಲ್ಲಿ ಫ್ಯಾನೇ ದೇವರು.

ಇನ್ನು ಟೈರ್. ಹೊಸದಾಗಿ ಹಾಕಿಸಿದ್ದರಲ್ಲಿ ನಿಜವಾಗಲೂ ಉಪಯೋಗ ಆಗಿದ್ದು ಇದೊಂದೇ. ಸ್ಟೆಪ್ನಿ ಸೇರಿ, ರಸ್ತೆಗೂ ಮಣ್ಣಿಗೂ ಆಗುವ ಐದು ಆಲ್ ಟೆರೇನ್ ಟೈರ್, ಐವತ್ತೈದು ಸಾವಿರ. ಐದೂ ಒಂದೇ ಥರದ್ದು ಇರಲಿ. ನಾಲ್ಕು ಹಾಕಿಸಿ ಸ್ಟೆಪ್ನಿಗೆ ಹಳೆಯದನ್ನೇ ಬಿಟ್ಟರೆ, ಟೈರ್ ಹರಿಯುವುದು ಸರಿಯಾಗಿ ಅದು ಬೇಕಾದ ಜಾಗದಲ್ಲೇ.

ಅಂಗಡಿಯವರು "245/75 ಹಾಕಿ ಸಾರ್, ಗಾಡಿ ಗತ್ತಾಗಿ ಕಾಣತ್ತೆ" ಅಂದರು. ನನ್ನ ಗಾಡಿಯ ಅಳತೆ 235/70, 16 ಇಂಚಿನ ರಿಮ್. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಎತ್ತರ ಅಗಲದ ಎಷ್ಟು ಪರ್ಸೆಂಟ್ ಅಂತ. ಕೂತು ಲೆಕ್ಕ ಹಾಕಿದೆ. ನಮ್ಮ ಟೈರಿನ ಒಟ್ಟು ಎತ್ತರ 735 ಮಿಲಿಮೀಟರ್. ಅವರು ಹೇಳಿದ್ದು 774. ಅಂದರೆ ಟೈರ್ 39 ಮಿಲಿಮೀಟರ್ ದೊಡ್ಡದು. ಆದರೆ ಗಾಡಿ ಎದ್ದೇಳುವುದು ಅದರಲ್ಲಿ ಅರ್ಧ, ಎರಡು ಸೆಂಟಿಮೀಟರ್ ಕೂಡ ಇಲ್ಲ. ಅಷ್ಟಕ್ಕೆ ಏನೇನು ಕಳೆದುಕೊಳ್ಳುತ್ತೇನೆ ನೋಡಿ. ಸ್ಪೀಡೋಮೀಟರ್ ಇರುವುದಕ್ಕಿಂತ ಐದು ಪರ್ಸೆಂಟ್ ಕಡಿಮೆ ತೋರಿಸುತ್ತದೆ. ಗೇರಿನ ಎಳೆತ ಅಷ್ಟೇ ಕಡಿಮೆಯಾಗುತ್ತದೆ. ಚಕ್ರ ಭಾರವಾಗುತ್ತದೆ, ಬ್ರೇಕಿಗೆ ಕೆಲಸ ಜಾಸ್ತಿ. ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುವ ಭಯ. ಕಂಪನಿ ಕೊಟ್ಟ ಅಳತೆಯಲ್ಲೇ ತೆಗೆದುಕೊಂಡೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿಕೊಳ್ಳಿ. 2321 ಅಂತಿದ್ದರೆ 2021ರ 23ನೇ ವಾರ ಮಾಡಿದ್ದು. ಟೈರಿನ ಮೇಲಿನ ಉಬ್ಬುಗಳು ಚೆನ್ನಾಗಿವೆ, ಸವೆದಿಲ್ಲ ಅಂತ ಎಂಟು ಒಂಬತ್ತು ವರ್ಷದ ಟೈರಿನಲ್ಲಿ ಕಲ್ಲು ಹತ್ತಿಸಬೇಡಿ. ಅದೂ ರಬ್ಬರೇ.

ಟೈರಿಗಿಂತ ದೊಡ್ಡದು ಟೈರಿನ ಗಾಳಿ. ರಸ್ತೆಯಲ್ಲಿ 33 ಪಿಎಸ್‌ಐ ಇಡುತ್ತೇನೆ. ಕಲ್ಲು ದಾರಿ ಶುರುವಾದರೆ 25ಕ್ಕೆ ಇಳಿಸುತ್ತೇನೆ. ಮರಳು, ಮೆತ್ತನೆ ಮಣ್ಣು ಬಂದರೆ 18ರಿಂದ 20. ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಅಗಲಕ್ಕಿಂತ ಉದ್ದ ಜಾಸ್ತಿಯಾಗುತ್ತದೆ. ನೆಲ ಮುಟ್ಟುವ ಜಾಗ ಚಪ್ಪಲಿ ಥರ ಉದ್ದ ಆಗುತ್ತದೆ, ಕಲ್ಲನ್ನು ಒಳಗೆ ತೆಗೆದುಕೊಂಡು ಹಿಡಿಯುತ್ತದೆ. ಕಾಸಿಲ್ಲದ ಮಾಡಿಫಿಕೇಶನ್! ಆದರೆ 15ರ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಅದಕ್ಕೆ ಒಂದು ಸಣ್ಣ ಕಂಪ್ರೆಸರ್ ಬೇಕು, ನಾಲ್ಕು ಸಾವಿರದ್ದು. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದು ತೆಗೆದುಕೊಳ್ಳಿ. ಸಿಗರೇಟ್ ಲೈಟರ್ ತೂತಿಗೆ ಹಾಕುವುದು ಇಂಥ ಟೈರ್ ತುಂಬಿಸುವಷ್ಟರಲ್ಲಿ ಫ್ಯೂಸ್ ತಿನ್ನುತ್ತದೆ.

"ಲಿಫ್ಟ್ ಮಾಡಿಸಿಲ್ವಾ?" ಅಂತ ಹಿಂದಿನಿಂದ ಯಾರೋ ಕೇಳುತ್ತಿದ್ದಾರೆ. ಈ ಪ್ರಶ್ನೆಗೆ ಕಾಯುತ್ತಿದ್ದೆ.

ಸಫಾರಿಯ ಮುಂದುಗಡೆ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಉದ್ದದ ಕಬ್ಬಿಣದ ಸರಳು, ಅದನ್ನು ತಿರುಚಿ ಇಟ್ಟಿರುತ್ತಾರೆ. ಬಟ್ಟೆ ಹಿಂಡುವಾಗ ಮತ್ತೆ ಬಿಚ್ಚಿಕೊಳ್ಳೋಕೆ ನೋಡುತ್ತದಲ್ಲ, ಆ ಶಕ್ತಿಯೇ ಗಾಡಿಯನ್ನು ಎತ್ತಿ ಹಿಡಿಯುವುದು. ಅದರ ಬೋಲ್ಟ್ ಬಿಗಿ ಮಾಡಿದರೆ ಗಾಡಿ ಮುಂದೆ ಏಳುತ್ತದೆ. ಹತ್ತು ನಿಮಿಷದ ಕೆಲಸ, ಖರ್ಚೂ ಇಲ್ಲ. ಅದಕ್ಕೇ ಎಲ್ಲರೂ ಮಾಡಿಸುತ್ತಾರೆ. ನಾನೂ ಮಾಡಿಸಿದ್ದೆ, ಒಂದೂವರೆ ಇಂಚು.

ಏನಾಯಿತು? ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರ ಬದಲಾಗಲಿಲ್ಲ. ಗಾಡಿ ಎದ್ದಷ್ಟು ಚಕ್ರ ಕೆಳಗೆ ಇಳಿಯುವ ಜಾಗ ಕಡಿಮೆಯಾಯಿತು. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿದು ನೆಲ ಮುಟ್ಟಬೇಕು, ಅಲ್ವಾ? ಇಳಿಯೋಕೆ ಜಾಗ ಇಲ್ಲ, ಗಾಳಿಯಲ್ಲಿ ನೇತಾಡಿತು. ಗಾಳಿಯಲ್ಲಿ ನೇತಾಡುವ ಚಕ್ರ ಅಂದರೆ ಸುಮ್ನೆ ತಿರುಗುವ ಚಕ್ರ. ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರಿಗೆ ಡಿಫರೆನ್ಷಿಯಲ್ ಅಂತಾರೆ. ಸಾಮಾನ್ಯ ಡಿಫರೆನ್ಷಿಯಲ್ ಸೋಮಾರಿ ಮನುಷ್ಯನ ಥರ. ಯಾವ ಕಡೆ ಕೆಲಸ ಸುಲಭವೋ ಆ ಕಡೆಗೇ ಹೋಗುತ್ತದೆ. ಒಂದು ಚಕ್ರ ಮೇಲಿದ್ದರೆ ತಿರುಗುವುದೆಲ್ಲ ಅದೇ, ನೆಲದ ಮೇಲಿರುವ ಚಕ್ರ ಸುಮ್ನೆ ನೋಡುತ್ತಾ ನಿಲ್ಲುತ್ತದೆ. ಎತ್ತರ ಮಾಡಿಸಿದ ಮೇಲೆ ನನ್ನ ಗಾಡಿ ಮುಂಚೆ ಹತ್ತುತ್ತಿದ್ದ ಜಾಗದಲ್ಲಿ ಹತ್ತಲಿಲ್ಲ! ಜೊತೆಗೆ ಮುಂದಿನ ಡ್ರೈವ್ ಶಾಫ್ಟ್ ಕೋನ ಜಾಸ್ತಿಯಾಗಿ ಅದರ ರಬ್ಬರ್ ಬೂಟ್ ಹರಿಯಿತು. ಟೈರಿನ ಒಂದು ಅಂಚು ಮಾತ್ರ ಸವೆಯಿತು. ಕೊನೆಗೆ ಅಮ್ಮ ಸ್ಟೂಲ್ ಹಾಕಿಕೊಂಡರೂ ಹತ್ತೋಕೆ ಆಗದೆ, "ಇದೇನೋ ಇದು, ಆನೆ ಅಂಬಾರಿ ಮಾಡಿದ್ದೀಯ" ಅಂದರು. ಮಾರನೇ ದಿನವೇ ಇಳಿಸಿದೆ. ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ, ಕಂಪನಿ ಹೇಳಿದ ಎತ್ತರಕ್ಕೆ ಸೆಟ್ ಮಾಡಿಸಿದೆ. ಹಳೆ ಗಾಡಿ ತಗ್ಗಿ ಕೂತಿರುತ್ತದೆ, ಅದನ್ನು ಮೂಲದ 205 ಮಿಲಿಮೀಟರ್ ಕ್ಲಿಯರೆನ್ಸಿಗೆ ತಂದರೇ ಲಿಫ್ಟ್ ಮಾಡಿಸಿದಷ್ಟು ವ್ಯತ್ಯಾಸ ಕಾಣುತ್ತದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಜೀಪುಗಳನ್ನು ನೋಡಿದ್ದೀರಲ್ಲ. ಅವುಗಳಿಗೆ ಯಾರೂ ದುಬಾರಿ ಲಿಫ್ಟ್ ಕಿಟ್ ಹಾಕಿಸಿ ಕೂರಿಸಿಲ್ಲ. ತುಂಬ ಜನ ಕೂತಿರುತ್ತಾರೆ, ಆದರೂ ಹತ್ತುತ್ತವೆ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅಂತ ಆ ಡ್ರೈವರ್‌ಗಳಿಗೆ ಗೊತ್ತು. ಒಂದು ಸಲ ನಿಮ್ಮ ಗಾಡಿ ಕೆಳಗೆ ಬಿಟ್ಟು, ಕಾಸು ಕೊಟ್ಟು ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೋಗಿ. ಅವರ ಕಾಲು ನೋಡಿ, ಕೈ ನೋಡಿ. ಅದಕ್ಕಿಂತ ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆ ಪಾಠ ಎಲ್ಲೂ ಸಿಗಲ್ಲ.

ಈಗ ನೀರು. ಸ್ನಾರ್ಕೆಲ್ ಕೇಳುತ್ತೀರಿ ಅಂತ ಗೊತ್ತು. ಎಂಜಿನ್ ಒಳಗೆ ನೀರು ಹೋದರೆ ಆಗುವುದು ಇಷ್ಟು. ಪಿಸ್ಟನ್ ಗಾಳಿಯನ್ನು ಹಿಂಡಬಲ್ಲದು, ನೀರನ್ನು ಹಿಂಡೋಕೆ ಆಗಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಮುಗಿಯಿತು. ನೀರಿನ ಮಧ್ಯೆ ಗಾಡಿ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ತಳ್ಳಿ, ಎಳೆಸಿ, ಏನಾದರೂ ಮಾಡಿ. ಸ್ನಾರ್ಕೆಲ್ ಹಾಕಿದವರು ಇದು ತಪ್ಪಿತು ಅಂದುಕೊಳ್ಳುತ್ತಾರೆ. ಆದರೆ ಅಷ್ಟು ಆಳದ ನೀರಿನಲ್ಲಿ ಎಂಜಿನ್ನಿಗೆ ನೀರು ಹೋಗುವ ಮೊದಲೇ ಗಾಡಿ ತೇಲಬಹುದು. ಎರಡು ಅಡಿ ಹರಿಯುವ ನೀರು ಎರಡು ಟನ್ ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಬಲ್ಲದು. ನನ್ನ ಪದ್ಧತಿ ಇಷ್ಟೇ. ಪ್ಯಾಂಟ್ ಮಡಚಿ, ಕೋಲು ಹಿಡಿದು, ನಾನೇ ಮೊದಲು ನಡೆದು ದಾಟುತ್ತೇನೆ. ನನಗೆ ನಡೆಯೋಕೆ ಹೆದರಿಕೆಯಾದರೆ ಗಾಡಿಯೂ ದಾಟಲ್ಲ. ಮೊಣಕಾಲಿಗಿಂತ ಮೇಲೆ ಬಂದರೆ ವಾಪಸ್.

ಸ್ನಾರ್ಕೆಲ್ ಬಿಡಿ, ಬ್ರೀದರ್ ಬಗ್ಗೆ ಯಾರೂ ಕೇಳುವುದಿಲ್ಲ. ಎರಡು ಚಕ್ರಗಳ ನಡುವೆ ಆಕ್ಸಲ್ ಕೂತಿರುವ ಕಬ್ಬಿಣದ ಗೂಡಿನ ಮೇಲೆ ಒಂದು ಸಣ್ಣ ಮೂತಿ ಇರುತ್ತದೆ, ಒಳಗಿನ ಬಿಸಿ ಗಾಳಿ ಹೊರಗೆ ಹೋಗೋಕೆ. ನೀವು ಎರಡು ಗಂಟೆ ಗಾಡಿ ಓಡಿಸಿ ಬಂದಿದ್ದೀರಿ, ಆಕ್ಸಲ್ ಕಾದಿದೆ. ಸೀದಾ ತಣ್ಣನೆ ಹೊಳೆಗೆ ಇಳಿಸುತ್ತೀರಿ. ಒಳಗಿನ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಅದೇ ಮೂತಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಥರ ಆಗುತ್ತದೆ. ಆಗ ಗೊತ್ತಾಗಲ್ಲ. ಆರು ತಿಂಗಳು ಬಿಟ್ಟು ಬೇರಿಂಗ್ ಗುಯ್ ಅನ್ನೋಕೆ ಶುರುವಾದಾಗ ಗೊತ್ತಾಗುತ್ತದೆ. ಇದಕ್ಕೆ ಮದ್ದು, ಆ ಮೂತಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಬಾನೆಟ್ ಒಳಗೆ ಎತ್ತರದ ಜಾಗಕ್ಕೆ ತಂದು ಕಟ್ಟುವುದು. ಹಿಂದೆ, ಮುಂದೆ, ಟ್ರಾನ್ಸ್‌ಫರ್ ಕೇಸ್, ಗೇರ್ ಬಾಕ್ಸ್, ಎಲ್ಲಕ್ಕೂ. ಆಯಿಲ್‌ಗೆ ಕರಗದಂಥ ಪೈಪ್ ಕೇಳಿ ತೆಗೆದುಕೊಳ್ಳಿ. ನನಗೆ ಆರುನೂರು ರೂಪಾಯಿ ಆಯಿತು. ನನ್ನ ಇಡೀ ಗಾಡಿಯಲ್ಲಿ ನನಗೆ ಹೆಮ್ಮೆ ಇರುವ ಕೆಲಸ ಇದೊಂದೇ.

ಸಿಕ್ಕಿಕೊಂಡಾಗ ಎಳೆಯುವ ಸಾಮಾನಿಗೆ ಹದಿನಾಲ್ಕು ಸಾವಿರ ಕೊಟ್ಟೆ. ಒಳ್ಳೆ ಹಗ್ಗ, ಅದನ್ನು ಸಿಕ್ಕಿಸುವ ಎರಡು ಕೊಂಡಿ (ಶಾಕಲ್), ಗ್ಲೌಸು, ಒಂದು ಗುದ್ದಲಿ. ಇಲ್ಲಿ ಜುಗ್ಗತನ ಮಾಡಬೇಡಿ, ಪ್ರಾಣದ ವಿಷಯ. ಹಗ್ಗವನ್ನು ಚಾಸಿಗೆ ಬೋಲ್ಟ್ ಆಗಿರುವ ಕೊಕ್ಕೆಗೇ ಹಾಕಬೇಕು. ಟ್ರೇಲರ್ ಎಳೆಯುವ ಗುಂಡನೆ ಬಾಲ್‌ಗೆ ಯಾವತ್ತೂ ಹಾಕಬಾರದು. ಅದು ಮುರಿದರೆ ಗುಂಡು ಹೊಡೆದ ಹಾಗೆ ಗಾಜು ಒಡೆದುಕೊಂಡು ಬರುತ್ತದೆ. ಹೊರದೇಶಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ, ಹರಿದರೂ ಹಾರುವ ರಭಸ ಕಡಿಮೆಯಾಗುತ್ತದೆ. ವಿಡಿಯೊ ಮಾಡುವವರನ್ನು ದೂರ ನಿಲ್ಲಿಸಿ. ಸಿಕ್ಕಿಕೊಂಡ ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಹಲಗೆಗಳನ್ನು ನಾನು ಇನ್ನೂ ತೆಗೆದುಕೊಂಡಿಲ್ಲ. ನಮ್ಮ ಕಡೆ ಕಲ್ಲಿಗೆ, ಗೋಣಿಚೀಲಕ್ಕೆ, ಕಾಫಿ ಗಿಡದಿಂದ ಕತ್ತರಿಸಿ ಹಾಕಿದ ಕಡ್ಡಿಗೆ ಏನು ಬರ?

ಲೈಟಿನ ಬಗ್ಗೆ ಮಾತಾಡಲ್ಲ. ಕತ್ತಲಾದ ಮೇಲೆ ಅಂಥ ದಾರಿಯಲ್ಲಿ ಓಡಿಸಬೇಡಿ, ಅಷ್ಟೇ.

2022ರ ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋದೆವು. ನಾನು, ನನ್ನ ತಮ್ಮ, ತೋಟದ ಸ್ನೇಹಿತ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿರಲಿಲ್ಲ, ಅದಕ್ಕೆ ಜೈಪುರದಿಂದ ಸೀಕರ್, ಹಿಸಾರ್ ಕಡೆಗೆ ಸುತ್ತಿ ಹೋದೆವು. ಆ ನಿಯಮ ಆಗಾಗ ಬದಲಾಗುತ್ತಾ ಇದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮನಾಲಿ ದಾಟಿ, ಅಟಲ್ ಸುರಂಗ ದಾಟಿ, ಗ್ರಾಂಫೂ ಹತ್ತಿರ ಸ್ಪಿತಿ ದಾರಿ ಹಿಡಿದರೆ ಆಗ ಟಾರ್ ಮುಗಿಯುತ್ತಿತ್ತು. ಛತ್ರು, ಬಾತಲ್, ಆಮೇಲೆ ಕುಂಜುಮ್ ಲಾ ಅನ್ನುವ ಕಣಿವೆ ದಾರಿ. ಆಗ ದಾರಿ ಅಂದರೆ ನದಿಯ ಉರುಟು ಕಲ್ಲುಗಳು. ಹಿಮ ಕರಗಿದ ನೀರು ಅಲ್ಲಲ್ಲಿ ದಾರಿಯ ಮೇಲೇ ಹರಿಯುತ್ತದೆ. ಅಲ್ಲಿನವರು ಬೆಳಿಗ್ಗೆ ಬೇಗ ದಾಟಿ ಅನ್ನುತ್ತಾರೆ. ರಾತ್ರಿ ಹಿಮ ಕರಗಲ್ಲ, ಬೆಳಿಗ್ಗೆ ನೀರು ಪಾದದಷ್ಟು. ಮಧ್ಯಾಹ್ನ ಬಿಸಿಲಿಗೆ ಅದೇ ನೀರು ತೊಡೆ ಮಟ್ಟ ಬರುತ್ತದೆ. ನಾವು ಐದೂವರೆಗೆ ಹೊರಟೆವು.

ಕುಂಜುಮ್ ಸುಮಾರು 4,550 ಮೀಟರ್ ಎತ್ತರ. ಗಾಳಿ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೇ. ಗಾಳಿ ಒತ್ತಿ ತುಂಬುವ ಟರ್ಬೊ ತಿರುಗುವವರೆಗೆ ಎಂಜಿನ್ನಿಗೆ ಉಸಿರೇ ಇಲ್ಲ. ಒಂದು ತಿರುವಿನ ಏರಿನಲ್ಲಿ ನಿಂತು ಹೊರಡೋಕೆ ಆಗಲಿಲ್ಲ, ಕ್ಲಚ್ ವಾಸನೆ ಬಂತು. ಲೋ ರೇಂಜ್ ಹಾಕಿದೆ. ದೀಪ ಒಂದೇ ಸಲ ಮಿಣುಕಿ ನಿಂತಿತು, ಟಕ್ ಅಂತ ಸದ್ದಾಯಿತು. ಎಳೆತ ಸುಮಾರು ಎರಡೂವರೆ ಪಟ್ಟಾಯಿತು, ಗಾಡಿ ಎಮ್ಮೆ ಥರ ನಿಧಾನವಾಗಿ ಎದ್ದು ಹೋಯಿತು. ನನಗೆ ಆ ಜೀಪ್ ಡ್ರೈವರ್ ನೆನಪಾದರು. ಸ್ಪಿತಿಯ ಕಾಜಾ ಊರಿನಿಂದ ಅವರಿಗೆ ಫೋನ್ ಮಾಡಿದೆ. "ಹೂಂ, ಕರೀತಾ ಇರಿ" ಅಂದರು.

ಇಡೀ ಪ್ರವಾಸದಲ್ಲಿ ಕೆಟ್ಟಿದ್ದು ಒಂದೇ, ವೈಪರ್ ಬ್ಲೇಡ್. ಆ ನೀಲಿ ಸ್ಟೂಲಂತೂ ಬಾತಲ್‌ನಲ್ಲಿ ಟೀ ಇಡೋಕೆ ಟೇಬಲ್ ಆಯಿತು.

ಹೊರಡುವ ಮುಂಚೆ ಕಾಡಿನ ಮಾತು. ಕಾಡು ದಾರಿ ಅಂತ ಬಾಯಿಗೆ ಬಂದ ಹಾಗೆ ಹೇಳಿದೆ, ಆದರೆ ನಿಜವಾದ ಕಾಡಿಗೆ ಗಾಡಿ ತೆಗೆದುಕೊಂಡು ಹೋಗಬೇಡಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ಅದನ್ನು ಬಿಟ್ಟರೂ, ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಳೆ ಶುರುವಾದಾಗ ಕಪ್ಪೆಗಳು ಮೊಟ್ಟೆ ಇಡುವ ಕಾಲ. ನಮ್ಮ ಚಕ್ರಕ್ಕೆ ಅದೇ ಹಳ್ಳ ಬೇಕಾ? ತೋಟದವರನ್ನು ಕೇಳಿ, ಖಾಸಗಿ ಜಾಗದಲ್ಲಿ ಓಡಿಸಿ. ಹಾಳಾದ ದಾರಿಗೆ ಎರಡು ಬುಟ್ಟಿ ಕಲ್ಲು ಹಾಕಿ ಬನ್ನಿ, ಮುಂದಿನ ಸಲವೂ ಕರೆಯುತ್ತಾರೆ.

ಕೊನೆಗೆ ಆ ಪಜೆರೊ ಯಜಮಾನರು ಕೇಳಿದರು: "ಇಷ್ಟು ಹಳೆ ಗಾಡಿಗೆ ಎರಡು ಲಕ್ಷ ಸುರಿಯೋದು ಬೇಕಿತ್ತಾ?" ಮಾರೋಕೆ ಹೋದರೆ ಅದರಲ್ಲಿ ಒಂದು ರೂಪಾಯಿಯೂ ವಾಪಸ್ ಬರಲ್ಲ ಸಾರ್. ಅಪ್ಪನೂ ಇದನ್ನೇ ಹೇಳುತ್ತಾರೆ. ಹೇಳಿ, ಬೀಗದ ಕೈ ತೆಗೆದುಕೊಂಡು ಹಾಲು ತರೋಕೆ ಅದರಲ್ಲೇ ಹೋಗುತ್ತಾರೆ.

ಸರಿ, ಮಾತು ಸಾಕು. ಎಲ್ಲರೂ ಹೊರಗೆ ಬನ್ನಿ. ಬ್ರೀದರ್ ಮೂತಿ ಎಲ್ಲಿರುತ್ತದೆ ಅಂತ ಕೆಳಗೆ ಮಲಗಿ ನೋಡಬೇಕು. ಬಟ್ಟೆ ಕೊಳೆಯಾಗುತ್ತದೆ ಅಂತ ಗೋಣಿಚೀಲ ತಂದಿದ್ದೇನೆ. ಮೊದಲು ಆ ಪ್ರಶ್ನೆ ಕೇಳಿದ ಹುಡುಗ ಮಲಗಲಿ.